ಕರ್ತೃವಿಲ್ಲದ ವಾಕ್ಯಗಳು: ಸುಸ್ಥಿರ ಅಭಿವೃದ್ಧಿಯ ಗುರಿಗಳನ್ನು ಗುಂಡಿಯ ಕಡೆಯಿಂದ ಓದುವುದು

1

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ವಿಶ್ವಸಂಸ್ಥೆಯ ಗುರಿಗಳ ಬಗ್ಗೆ ಯಾಕೆ ಬರೀಬೇಕು ಅಂತ ಕೆಲವರಿಗೆ ಅನ್ನಿಸಬಹುದು. ಕತೆ, ಕವಿತೆ, ಆತ್ಮಕತೆಗಳ ಪಕ್ಕದಲ್ಲಿ ಸರ್ಕಾರಿ ಸುತ್ತೋಲೆಗೇನು ಕೆಲಸ? ಹಾಗೆ ನೋಡಿದರೆ ಕನ್ನಡದ ದಲಿತ ವಿಮರ್ಶೆ ಹುಟ್ಟಿದ್ದೇ ಇವೆರಡರ ನಡುವಿನ ಜಾಗದಲ್ಲಿ. 1973ರ ನವೆಂಬರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದವರು ಬಿ. ಬಸವಲಿಂಗಪ್ಪ. ದೇವರಾಜ ಅರಸು ಸಂಪುಟದ ಸಚಿವರಾಗಿ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರೂ ಅವರೇ. ಬೂಸಾ ಮಾತಿನಿಂದ ಗದ್ದಲವೆದ್ದಿತು, ಅವರು ಅಧಿಕಾರ ಬಿಡಬೇಕಾಯಿತು, ಆ ಗದ್ದಲದೊಳಗಿಂದಲೇ ದಲಿತ ಚಳವಳಿಗೆ ಹೊಸ ದನಿ ಬಂತು. ಇದನ್ನೆಲ್ಲ ನಾವು ಸಾಕಷ್ಟು ಬರೆದಿದ್ದೇವೆ. ಮಲದ ಬುಟ್ಟಿಯ ವಿಷಯವನ್ನು ಮಾತ್ರ ಸಾಹಿತ್ಯದ ಚರಿತ್ರೆಯಿಂದ ತೆಗೆದು ಆಡಳಿತದ ಚರಿತ್ರೆಗೆ ಸೇರಿಸಿಬಿಟ್ಟಿದ್ದೇವೆ.

ಒಬ್ಬರೇ ಕೈಹಾಕಿದ ಈ ಎರಡು ಕೆಲಸಗಳ ಹಿಂದೆ ಇದ್ದದ್ದು ಒಂದೇ ಪ್ರಶ್ನೆ. ಊರಿನ ಕೊಳೆಯನ್ನು ಯಾರು ಹೊರುತ್ತಿದ್ದಾರೆ, ಊರಿನ ಬರಹದಲ್ಲಿ ಅವರು ಯಾಕೆ ಕಾಣುವುದಿಲ್ಲ? ಒಂದು ಕೃತಿಯಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾರ ಬೆವರು ಕಣ್ಣಿಗೆ ಬೀಳದಂತೆ ವಾಕ್ಯ ಕಟ್ಟಲಾಗಿದೆ ಎಂದು ಕೇಳುವುದನ್ನು ದಲಿತ ವಿಮರ್ಶೆ ನಮಗೆ ಕಲಿಸಿತು. ಆ ಓದನ್ನು ಕಾದಂಬರಿಗಷ್ಟೇ ಮೀಸಲಿಡುವುದು ಸರಿಯಲ್ಲ. ಸರ್ಕಾರದ ನೀತಿಯೂ ಒಂದು ಪಠ್ಯ. ಕೆಟ್ಟ ಕಾದಂಬರಿ ಓದಿದರೆ ಒಂದು ಸಂಜೆ ಹಾಳಾಗುತ್ತದೆ, ಅಷ್ಟೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಒಂದು ಪದ ಆಚೀಚೆಯಾದರೆ ಸತ್ತವನ ಹೆಂಡತಿಗೆ ಪರಿಹಾರ ಸಿಗುವುದಿಲ್ಲ.

ಈ ಬರಹದ ಉದ್ದೇಶ ಸರಳವಾದದ್ದು. ನ್ಯೂಯಾರ್ಕಿನಲ್ಲಿ ಅಂಗೀಕಾರವಾದ ಗುರಿಗಳು ದೆಹಲಿ, ಬೆಂಗಳೂರುಗಳನ್ನು ದಾಟಿ ಗ್ರಾಮ ಪಂಚಾಯಿತಿಯ ಕಡತಕ್ಕೆ ಹೇಗೆ ಇಳಿಯುತ್ತವೆ, ಇಳಿಯುವಾಗ ಯಾವ ಮೆಟ್ಟಿಲಿನಲ್ಲಿ ಜಾತಿ ಜಾರಿಹೋಗುತ್ತದೆ ಎನ್ನುವುದನ್ನು ಬಿಡಿಸಿ ಹೇಳುವುದು. ಉದಾಹರಣೆಗೆ ಒಂದೇ ಗುರಿಯನ್ನು ಹಿಡಿದುಕೊಳ್ಳುತ್ತೇನೆ: ನೀರು ಮತ್ತು ನೈರ್ಮಲ್ಯದ ಆರನೆಯ ಗುರಿ.

2

ಮೊದಲು ಈ ಗುರಿಗಳು ಎಲ್ಲಿಂದ ಬಂದವು ಅಂತ ನೋಡೋಣ. 1987ರಲ್ಲಿ ಬ್ರಂಟ್ಲಂಡ್ ಆಯೋಗದ ವರದಿ ಬಂದ ಮೇಲೆ 'ಸುಸ್ಥಿರ ಅಭಿವೃದ್ಧಿ' ಎಂಬ ಮಾತು ಜಗತ್ತಿನ ತುಂಬ ಓಡಾಡತೊಡಗಿತು. ಮುಂದಿನ ತಲೆಮಾರಿನ ಪಾಲನ್ನು ಈ ತಲೆಮಾರು ತಿಂದುಹಾಕಬಾರದು ಎನ್ನುವುದು ಅದರ ಸಾರ. 1992ರ ರಿಯೋ ಸಮ್ಮೇಳನ ಅದನ್ನು ಸರ್ಕಾರಗಳ ಕಾರ್ಯಸೂಚಿ ಮಾಡಿತು. 2000ದಲ್ಲಿ ಎಂಟು ಸಹಸ್ರಮಾನದ ಗುರಿಗಳು ಬಂದವು. ಅವುಗಳ ಅವಧಿ ಮುಗಿದ 2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆಯ ಮಹಾಸಭೆ 2030ರವರೆಗಿನ ಹೊಸ ಕಾರ್ಯಸೂಚಿಯನ್ನು ಒಪ್ಪಿಕೊಂಡಿತು. ಭಾರತವೂ ಒಪ್ಪಿ ಸಹಿ ಹಾಕಿದ ದೇಶ.

ಇದರ ಕಟ್ಟಡಕ್ಕೆ ಮೂರು ಅಂತಸ್ತು. ಮೇಲೆ 17 ಗುರಿಗಳು. ಅವುಗಳ ಕೆಳಗೆ 169 ಉಪಗುರಿಗಳು. ತಳದಲ್ಲಿ 230ಕ್ಕೂ ಹೆಚ್ಚು ಸೂಚಕಗಳು. ಗುರಿ ಹಾರೈಕೆಯ ಭಾಷೆಯಲ್ಲಿರುತ್ತದೆ, ಉಪಗುರಿ ವಾಗ್ದಾನದ ಭಾಷೆಯಲ್ಲಿ, ಸೂಚಕ ಲೆಕ್ಕದ ಭಾಷೆಯಲ್ಲಿ. ಭಾಷಣ ಮಾಡುವವರು ಗುರಿಯನ್ನು ಹೇಳುತ್ತಾರೆ. ಅಧಿಕಾರಿ ನೋಡುವುದು ಸೂಚಕವನ್ನು ಮಾತ್ರ, ಯಾಕೆಂದರೆ ಅವನು ಉತ್ತರ ಕೊಡಬೇಕಾದದ್ದು ಅದಕ್ಕೆ. ಆದ್ದರಿಂದ ಯಾವುದೇ ಗುರಿಯನ್ನು ಓದುವಾಗ ತಳದಿಂದ ಮೇಲಕ್ಕೆ ಓದಬೇಕು. ಸೂಚಕದಲ್ಲಿ ಇಲ್ಲದ್ದು ಗುರಿಯಲ್ಲಿ ಎಷ್ಟೇ ಚೆಂದವಾಗಿ ಇದ್ದರೂ ಕಚೇರಿಯ ಮಟ್ಟಿಗೆ ಅದು ಇಲ್ಲ.

ಈ ಇಡೀ ದಾಖಲೆಯ ಘೋಷಣೆ 'ಯಾರನ್ನೂ ಹಿಂದೆ ಬಿಡುವುದಿಲ್ಲ' ಅಂತ. ಯಾರು ಹಿಂದೆ ಉಳಿದಿದ್ದಾರೆ ಎಂದು ಹೇಳುವಾಗ ಲಿಂಗ, ವಯಸ್ಸು, ಅಂಗವೈಕಲ್ಯ, ಜನಾಂಗ, ಧರ್ಮ, ಮೂಲ ಎಲ್ಲವೂ ಬರುತ್ತವೆ. ಒಂದು ಕಡೆ 'ಹುಟ್ಟು' ಎಂಬ ಪದವೂ ಬರುತ್ತದೆ. ಜಾತಿ ಎಂಬ ಪದ ಮಾತ್ರ ಇಲ್ಲ. ಇದು ಮರೆವಿನಿಂದ ಆದದ್ದು ಅಂತ ನಂಬುವುದು ಕಷ್ಟ. 2001ರಲ್ಲಿ ಡರ್ಬನ್‌ನಲ್ಲಿ ಜನಾಂಗೀಯ ತಾರತಮ್ಯದ ವಿರುದ್ಧ ವಿಶ್ವ ಸಮ್ಮೇಳನ ನಡೆದಾಗ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆಯನ್ನು ಅಲ್ಲಿಗೆ ಒಯ್ದವು. ಅದು ನಮ್ಮ ಮನೆಯ ವಿಷಯ, ಹೊರಗಿನ ವೇದಿಕೆಯಲ್ಲಿ ಬೇಡ ಎಂದು ಭಾರತ ಸರ್ಕಾರ ಗಟ್ಟಿಯಾಗಿ ವಿರೋಧಿಸಿತು. ಮರುವರ್ಷ, ಅಂದರೆ 2002ರಲ್ಲಿ, ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿ ತನ್ನ 29ನೆಯ ಸಾಮಾನ್ಯ ಶಿಫಾರಸಿನಲ್ಲಿ, ವಂಶದ ಆಧಾರದ ತಾರತಮ್ಯದೊಳಗೆ ಜಾತಿಯೂ ಸೇರುತ್ತದೆ ಎಂದು ಸ್ಪಷ್ಟವಾಗಿ ಹೇಳಿತು. ಇಷ್ಟಾಗಿಯೂ 2015ರ ದಾಖಲೆಯಲ್ಲಿ ಆ ಪದಕ್ಕೆ ಜಾಗ ಸಿಗಲಿಲ್ಲ. ಮನೆಯ ವಿಷಯ ಮನೆಯೊಳಗೇ ಇರಲಿ ಎಂಬುದು ಹಳೆಯ ಮಾತು. ಕೇರಿಯವರು ಮನೆಯ ಒಳಗಿದ್ದರೋ ಹೊರಗಿದ್ದರೋ ಎನ್ನುವುದೂ ಅಷ್ಟೇ ಹಳೆಯ ಪ್ರಶ್ನೆ.

3

ಇನ್ನು ಇಳಿಜಾರು. ದೆಹಲಿಯಲ್ಲಿ ಈ ಗುರಿಗಳ ಹೊಣೆ ನೀತಿ ಆಯೋಗದ್ದು. ಯಾವುದನ್ನು ಅಳೆಯಬೇಕು ಎಂಬ ಪಟ್ಟಿಯನ್ನು ಕೇಂದ್ರದ ಅಂಕಿಅಂಶ ಸಚಿವಾಲಯ 2018ರಲ್ಲಿ ಸಿದ್ಧಪಡಿಸಿತು. ಅದರಲ್ಲಿ 306 ಸೂಚಕಗಳಿದ್ದವು. ಅದೇ ವರ್ಷದ ಡಿಸೆಂಬರಿನಿಂದ ನೀತಿ ಆಯೋಗ ರಾಜ್ಯಗಳಿಗೆ ಅಂಕ ಕೊಡಲು ಶುರು ಮಾಡಿತು. ಗುರಿ ಮುಟ್ಟಿದರೆ 100, ಇಲ್ಲದಿದ್ದರೆ ಎಷ್ಟು ದೂರವಿದೆಯೋ ಅಷ್ಟು ಕಡಿಮೆ. ಥೇಟ್ ನಮ್ಮ ಪರೀಕ್ಷೆಗಳ ಹಾಗೆ ದರ್ಜೆಗಳೂ ಇವೆ: ಆಕಾಂಕ್ಷಿ, ಸಾಧಕ, ಮುಂಚೂಣಿ ಇತ್ಯಾದಿ. ದೇಶದ ಒಟ್ಟು ಅಂಕ 2018ರಲ್ಲಿ 57 ಇದ್ದದ್ದು 2023-24ರ ಹೊತ್ತಿಗೆ 71 ಆಯಿತು. ಪಂಚಾಯತ್ ರಾಜ್ ಸಚಿವಾಲಯ ಇದೇ 17 ಗುರಿಗಳನ್ನು ಒಂಬತ್ತು ವಿಷಯಗಳಾಗಿ ಮಡಚಿ ಹಳ್ಳಿಗೆ ಕಳಿಸಿತು. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಯನ್ನು ಈಗ ಆ ಒಂಬತ್ತರ ಪ್ರಕಾರ ಬರೆಯಬೇಕು. 'ಸ್ವಚ್ಛ ಮತ್ತು ಹಸಿರು ಗ್ರಾಮ' ಅವುಗಳಲ್ಲೊಂದು, 'ಸಾಮಾಜಿಕ ನ್ಯಾಯ ಮತ್ತು ಭದ್ರತೆಯ ಗ್ರಾಮ' ಮತ್ತೊಂದು. ಎರಡೂ ಬೇರೆ ಬೇರೆ ಕಡತ.

ರಾಜ್ಯಗಳ ನಡುವೆ ಸ್ಪರ್ಧೆ ಹುಟ್ಟಿಸಿದರೆ ಕೆಲಸ ಬೇಗ ಆಗುತ್ತದೆ ಎನ್ನುವುದು ಈ ಅಂಕಗಳ ಹಿಂದಿನ ತರ್ಕ. ಅದನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಹೆರಿಗೆಯಲ್ಲಿ ಸಾಯುವ ತಾಯಂದಿರ ಸಂಖ್ಯೆ, ಶಾಲೆ ಬಿಟ್ಟ ಮಕ್ಕಳ ಸಂಖ್ಯೆ ಎಲ್ಲರ ಕಣ್ಣೆದುರಿಗೆ ಬರುವುದರಿಂದ ಒತ್ತಡ ಹುಟ್ಟುವುದು ನಿಜ. ಆದರೆ ಜಾತಿಯ ಹತ್ತಿರ ಬಂದಾಗ ಈ ಮಾಪನ ಹೇಗೆ ಎಡವುತ್ತದೆ ನೋಡಿ.

ಹತ್ತನೆಯ ಗುರಿ ಅಸಮಾನತೆಯನ್ನು ತಗ್ಗಿಸುವುದು. 2020-21ರ ಸೂಚ್ಯಂಕದಲ್ಲಿ ಇದಕ್ಕೆ ಇಟ್ಟ ಅಳತೆಗೋಲುಗಳಲ್ಲಿ ಒಂದು, ವಿಧಾನಸಭೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರ ಸ್ಥಾನಗಳ ಪ್ರಮಾಣ. ಸಂವಿಧಾನದ 332ನೆಯ ವಿಧಿ ಮೀಸಲಿಟ್ಟ ಸ್ಥಾನಗಳಿವು. ಯಾವ ಸರ್ಕಾರವೂ ತನ್ನ ನೀತಿಯಿಂದ ಗಳಿಸಿಕೊಟ್ಟದ್ದಲ್ಲ. ಹೀಗೆ ಬಾಬಾಸಾಹೇಬರ ದುಡಿಮೆ ಇವತ್ತಿನ ಸರ್ಕಾರದ ಅಂಕಪಟ್ಟಿಯಲ್ಲಿ ಜಮೆಯಾಗುತ್ತದೆ. ಇನ್ನೊಂದು ಅಳತೆಗೋಲು ಪರಿಶಿಷ್ಟರ ಮೇಲೆ ನಡೆದ ಅಪರಾಧಗಳ ಪ್ರಮಾಣ. ಇದು ಇರಲೇಬೇಕಾದ ಲೆಕ್ಕವೇನೋ ಹೌದು. ಆದರೆ ಎಣಿಕೆಯಾಗುವುದು ಠಾಣೆಯಲ್ಲಿ ದಾಖಲಾದ ಪ್ರಕರಣ ಮಾತ್ರ. ಎಲ್ಲಿ ಸಂಘಟನೆ ಗಟ್ಟಿಯಿದ್ದು ಜನ ಧೈರ್ಯವಾಗಿ ದೂರು ಕೊಡುತ್ತಾರೋ ಆ ರಾಜ್ಯದ ಅಂಕ ಇಳಿಯುತ್ತದೆ. ಎಲ್ಲಿ ಊರ ಗೌಡನಿಗೆ ಹೆದರಿ ಯಾರೂ ಠಾಣೆಯ ಮೆಟ್ಟಿಲು ಹತ್ತುವುದಿಲ್ಲವೋ ಅಲ್ಲಿ ಅಂಕ ಏರುತ್ತದೆ. ಮೌನವನ್ನು ಶಾಂತಿ ಅಂತ ಓದುವ ಸೂಚಕ ಇದು.

4

ಈಗ ಆರನೆಯ ಗುರಿಗೆ ಬರೋಣ. 2030ರೊಳಗೆ ಎಲ್ಲರಿಗೂ ನೈರ್ಮಲ್ಯ ಸಿಗಬೇಕು, ಬಯಲು ಶೌಚ ಕೊನೆಯಾಗಬೇಕು ಎನ್ನುತ್ತದೆ ಉಪಗುರಿ 6.2. ಭಾರತ ಇದನ್ನು ಸ್ವಚ್ಛ ಭಾರತ ಅಭಿಯಾನದ ಮೂಲಕ ಜಾರಿಗೆ ತಂದಿತು. ಅಭಿಯಾನ ಶುರುವಾದದ್ದು 2014ರ ಅಕ್ಟೋಬರ್ 2ರಂದು. ಐದು ವರ್ಷದ ನಂತರ ಅದೇ ದಿನ ಗ್ರಾಮೀಣ ಭಾರತವನ್ನು ಬಯಲು ಶೌಚಮುಕ್ತ ಎಂದು ಘೋಷಿಸಲಾಯಿತು. ಒಂದೊಂದು ಮನೆಗೆ 12,000 ರೂಪಾಯಿ ಪ್ರೋತ್ಸಾಹಧನ, ಹಳ್ಳಿಗಳಲ್ಲಿ ಹತ್ತು ಕೋಟಿಗೂ ಹೆಚ್ಚು ಶೌಚಾಲಯ. ಇದು ಸಣ್ಣ ಕೆಲಸವಲ್ಲ. ಕತ್ತಲಾಗುವವರೆಗೆ ಕಾಯಬೇಕಾಗಿದ್ದ ಹೆಣ್ಣುಮಕ್ಕಳಿಗೆ, ಅದರಲ್ಲೂ ಬಯಲು ಕೂಡ ಮೇಲ್ಜಾತಿಯವರ ಹೊಲವಾಗಿರುವ ಕಡೆಯ ದಲಿತ ಹೆಣ್ಣುಮಕ್ಕಳಿಗೆ, ನಾಲ್ಕು ಗೋಡೆ ಒಂದು ಬಾಗಿಲು ಅಂದರೆ ಏನು ಅಂತ ಪೇಟೆಯಲ್ಲಿ ಕೂತು ಅಂದಾಜು ಮಾಡುವುದು ಕಷ್ಟ.

ಆದರೆ ಶೌಚಾಲಯಕ್ಕೆ ಕೆಳಗೊಂದು ಗುಂಡಿ ಇರುತ್ತದೆ. ಅದು ತುಂಬುತ್ತದೆ. ಸರ್ಕಾರ ಶಿಫಾರಸು ಮಾಡಿದ್ದು ಜೋಡಿ ಗುಂಡಿಯ ವಿಧಾನವನ್ನು. ಒಂದು ಗುಂಡಿ ತುಂಬಿದ ಮೇಲೆ ಕೊಳವೆಯನ್ನು ಎರಡನೆಯದಕ್ಕೆ ತಿರುಗಿಸಬೇಕು. ಮುಚ್ಚಿಟ್ಟ ಗುಂಡಿಯಲ್ಲಿ ಒಂದೆರಡು ವರ್ಷದಲ್ಲಿ ಎಲ್ಲವೂ ಕಳಿತು ಒಣಗಿ ಗೊಬ್ಬರವಾಗುತ್ತದೆ, ವಾಸನೆ ಇರುವುದಿಲ್ಲ. ಮನೆಯವರೇ ಗುದ್ದಲಿ ಹಿಡಿದು ತೆಗೆದು ತೋಟಕ್ಕೆ ಹಾಕಬಹುದು. ತಂತ್ರಜ್ಞಾನದ ದೃಷ್ಟಿಯಿಂದ ಇದು ಅಗ್ಗದ, ಒಳ್ಳೆಯ ವಿಧಾನ. ಜಾತಿಯ ದೃಷ್ಟಿಯಿಂದ ನೋಡಿದರೆ ಇದು ಕ್ರಾಂತಿಕಾರಕ ವಿಧಾನವೂ ಹೌದು, ಯಾಕೆಂದರೆ ತಮ್ಮ ಗುಂಡಿಯನ್ನು ತಾವೇ ತೆಗೆಯಿರಿ ಎಂದು ಅದು ಎಲ್ಲ ಜಾತಿಯವರಿಗೂ ಹೇಳುತ್ತದೆ.

ಅಲ್ಲೇ ತೊಡಕು ಬಂದದ್ದು. ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಉತ್ತರ ಭಾರತದ ಹಳ್ಳಿಗಳ ಅಧ್ಯಯನದಿಂದ 2017ರಲ್ಲಿ ಬರೆದ ಪುಸ್ತಕದಲ್ಲಿ ಈ ವಿಷಯವನ್ನು ವಿವರವಾಗಿ ಚರ್ಚಿಸಿದ್ದಾರೆ. ಗುಂಡಿ ಬರಿದು ಮಾಡುವುದು ಇಂಥ ಜಾತಿಯವರ ಕೆಲಸ ಎಂಬ ನಂಬಿಕೆ ಗಟ್ಟಿಯಾಗಿರುವುದರಿಂದ ಜನ ಸಣ್ಣ ಗುಂಡಿಯ ಅಗ್ಗದ ಶೌಚಾಲಯವನ್ನು ಇಷ್ಟಪಡುವುದಿಲ್ಲ. ಕಟ್ಟಿದರೆ ಜನ್ಮಕ್ಕೆ ತುಂಬದಂಥ ದೊಡ್ಡ ಗುಂಡಿಯನ್ನೇ ಕಟ್ಟಬೇಕು ಎನ್ನುತ್ತಾರೆ. ಅನುಕೂಲವಿದ್ದವರು ಸೆಪ್ಟಿಕ್ ಟ್ಯಾಂಕ್ ಕಟ್ಟಿಸುತ್ತಾರೆ. ಅದು ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕಾದ ತೊಟ್ಟಿ. ಅದರೊಳಗಿನದು ಗೊಬ್ಬರವಾಗಿರುವುದಿಲ್ಲ, ಹಸಿ ಕೆಸರಾಗಿಯೇ ಇರುತ್ತದೆ. ಅದರ ಮೇಲೆ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ನಿಂತಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು. ಆದರೆ ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ಇಲ್ಲ, ಗಾಳಿ ಸರಿಯಿದೆ ಅಂದುಕೊಂಡು ಇಳಿದವನು ಒಂದೆರಡು ಉಸಿರಿನಲ್ಲಿ ಬೀಳುತ್ತಾನೆ. ಅವನನ್ನು ಎತ್ತಲು ಅಣ್ಣನೋ ತಮ್ಮನೋ ಇಳಿಯುತ್ತಾನೆ. ಪತ್ರಿಕೆಗಳಲ್ಲಿ ಬರುವ ಸುದ್ದಿಗಳಲ್ಲಿ ಸಾಲಾಗಿ ಇಬ್ಬರು, ಮೂವರು ಸಾಯುವುದು ಈ ಕಾರಣಕ್ಕೆ.

ನೀತಿ ಆಯೋಗದ ಸೂಚ್ಯಂಕದಲ್ಲಿ ಆರನೆಯ ಗುರಿಗೆ ಕಟ್ಟಿದ ಶೌಚಾಲಯಗಳ ಲೆಕ್ಕವಿದೆ. ಬಯಲು ಶೌಚಮುಕ್ತವೆಂದು ದೃಢಪಟ್ಟ ಜಿಲ್ಲೆಗಳ ಲೆಕ್ಕವಿದೆ. ಶಾಲೆಗಳಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಲೆಕ್ಕವೂ ಇದೆ. ಗುಂಡಿ ಬರಿದು ಮಾಡುವವರ ಲೆಕ್ಕ ಇಲ್ಲ, ಅಲ್ಲಿ ಸತ್ತವರ ಲೆಕ್ಕವೂ ಇಲ್ಲ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, 'ತ್ಯಾಜ್ಯವನ್ನು ವಿಲೇವಾರಿ ಮಾಡಲಾಗುವುದು' ಎಂಬ ವಾಕ್ಯಕ್ಕೆ ಕರ್ಮವಿದೆ, ಕ್ರಿಯಾಪದವಿದೆ, ಕರ್ತೃ ಇಲ್ಲ. ಸರ್ಕಾರಿ ಕನ್ನಡದ 'ಲಾಗುವುದು' ಪ್ರಯೋಗದ ಒಳಗೆ ಒಬ್ಬ ಮನುಷ್ಯ ಮುಳುಗಿದ್ದಾನೆ.

5

ಕಾನೂನು ಇಲ್ಲವೇ? ಇದೆ. 1993ರಲ್ಲಿ ಒಂದು ಬಂತು, ಅದು ಒಣ ಪಾಯಿಖಾನೆಗಳನ್ನು ನಿಷೇಧಿಸಿತು. ಆದರೆ ನಮ್ಮಲ್ಲಿ ಅಂಥವು ಇಲ್ಲವೇ ಇಲ್ಲ ಎಂದು ಸರ್ಕಾರಗಳು ಹೇಳಿಕೊಂಡು ಬಂದವು. ಅದು ಸುಳ್ಳೆಂದು ಫೋಟೋ ತೆಗೆದು, ಲೆಕ್ಕ ಹಿಡಿದು ತೋರಿಸಿದ ಸಫಾಯಿ ಕರ್ಮಚಾರಿ ಆಂದೋಲನದ ಮೂಲ ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಬೆಜವಾಡ ವಿಲ್ಸನ್ ಕೆ.ಜಿ.ಎಫ್.ನ ಪೌರಕಾರ್ಮಿಕ ಕುಟುಂಬದಲ್ಲಿ ಹುಟ್ಟಿದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜನಗಣತಿ ಮನೆಗಳ ಪಟ್ಟಿ ಮಾಡುವಾಗ, ಮನುಷ್ಯರೇ ಮಲ ತೆಗೆಯುವ ಸುಮಾರು 7.94 ಲಕ್ಷ ಶೌಚಾಲಯಗಳು ದೇಶದಲ್ಲಿವೆ ಎಂದು ಸರ್ಕಾರದ ಲೆಕ್ಕವೇ ಹೇಳಿತು. ಆಮೇಲೆ 2013ರ ಕಾಯ್ದೆ ಬಂತು. ಅದು ಜಾರಿಗೆ ಬಂದ ದಿನ ಡಿಸೆಂಬರ್ 6, ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಅಭಿಯಾನಕ್ಕೆ ಗಾಂಧಿಯ ಹುಟ್ಟುಹಬ್ಬ, ಕಾಯ್ದೆಗೆ ಅಂಬೇಡ್ಕರರ ಸಾವಿನ ದಿನ. ಕಸ ಗುಡಿಸುವುದನ್ನು ಪುಣ್ಯದ ಸೇವೆಯೆಂದು ಹೊಗಳುವುದು ಆ ಕೆಲಸದಲ್ಲೇ ಕಟ್ಟಿಹಾಕುವ ಉಪಾಯ ಎಂದು ಅಂಬೇಡ್ಕರ್ ಗಾಂಧಿಯನ್ನು ಟೀಕಿಸಿದ್ದರು. ಆ ವಾದ ಇನ್ನೂ ಮುಗಿದಿಲ್ಲ. ಅಭಿಯಾನಕ್ಕೆ ಸಿಕ್ಕ ಹಣ, ಜಾಹೀರಾತು, ಅಂಕಗಳಲ್ಲಿ ಎಷ್ಟು ಪಾಲು ಕಾಯ್ದೆಗೆ ಸಿಕ್ಕಿತು ಅಂತ ಯಾರಾದರೂ ಕೇಳಬೇಕು.

2013ರ ಕಾಯ್ದೆ ಹಿಂದಿನದಕ್ಕಿಂತ ಗಟ್ಟಿಯಾದದ್ದು. ಚರಂಡಿ, ಸೆಪ್ಟಿಕ್ ಟ್ಯಾಂಕುಗಳಿಗೆ ಅಪಾಯಕಾರಿಯಾಗಿ ಇಳಿಸುವುದನ್ನು ಅದು ನಿಷೇಧಿಸಿ, ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಆದರೆ ವ್ಯಾಖ್ಯೆಗಳನ್ನು ವಿಮರ್ಶಕರ ಕಣ್ಣಿನಿಂದ ಓದಿ. 'ಮಲ ಹೊರುವವರು' ಎಂಬುದು ಒಂದು ವರ್ಗ. 'ಅಪಾಯಕಾರಿ ಶುಚಿಗೊಳಿಸುವಿಕೆ' ಎಂಬುದು ಬೇರೊಂದು ವರ್ಗ. ಅಪಾಯಕಾರಿ ಎಂದರೆ ಏನು? ಮಾಲೀಕ ರಕ್ಷಣಾ ಸಾಧನ ಕೊಡದೆ, ಮುನ್ನೆಚ್ಚರಿಕೆ ತೆಗೆದುಕೊಳ್ಳದೆ ಇಳಿಸುವುದು. ಅಂದರೆ ಕೈಗವಸು, ಮುಖವಾಡ ಕೊಟ್ಟರೆ ಇಳಿಸಬಹುದು ಎಂಬ ಕಿಂಡಿ ವ್ಯಾಖ್ಯೆಯಲ್ಲೇ ಇದೆ. ಸರ್ಕಾರ ಸೂಚಿಸಿದ ಸಾಧನ ಬಳಸಿ ಮಲ ತೆಗೆಯುವವರು 'ಮಲ ಹೊರುವವರು' ಅಲ್ಲ ಎಂಬ ವಿವರಣೆಯೂ ಇದೆ.

ಈ ಎರಡು ವರ್ಗಗಳ ವಿಂಗಡಣೆಯಿಂದ ಏನಾಯಿತು ನೋಡಿ. 2021ರಲ್ಲಿ ಸಂಸತ್ತಿನಲ್ಲಿ ಸರ್ಕಾರ, ಮಲ ಹೊರುವ ಕೆಲಸದಿಂದ ಯಾವ ಸಾವೂ ವರದಿಯಾಗಿಲ್ಲ ಎಂದಿತು. 2023ರ ಜುಲೈನಲ್ಲಿ ಅದೇ ಸರ್ಕಾರ, 2018ರಿಂದೀಚೆಗೆ ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡುವಾಗ 339 ಜನ ಸತ್ತಿದ್ದಾರೆ ಎಂದು ಲೋಕಸಭೆಗೆ ತಿಳಿಸಿತು. ಎರಡೂ ಉತ್ತರಗಳು ಕಾಯ್ದೆಯ ಪ್ರಕಾರ ಸರಿ. ಸತ್ತವರು ಒಂದು ವ್ಯಾಖ್ಯೆಯಿಂದ ಇನ್ನೊಂದಕ್ಕೆ ವರ್ಗವಾಗಿದ್ದಾರೆ ಅಷ್ಟೆ.

ಜಾತಿಯ ಲೆಕ್ಕ ಸಿಕ್ಕಿದ ಕಡೆ ಏನು ಕಾಣುತ್ತದೆ? 2013 ಮತ್ತು 2018ರ ಸಮೀಕ್ಷೆಗಳಲ್ಲಿ ದೇಶದಲ್ಲಿ 58,098 ಮಂದಿ ಮಲ ಹೊರುವವರನ್ನು ಗುರುತಿಸಿದರು, ಕರ್ನಾಟಕದಲ್ಲಿ 2,927. ಇವರಲ್ಲಿ 43,797 ಮಂದಿಯ ಜಾತಿಯ ವಿವರ ಸಿಕ್ಕಿತು. ಅದರಲ್ಲಿ 42,594 ಮಂದಿ ಪರಿಶಿಷ್ಟ ಜಾತಿಯವರು. ನೂರಕ್ಕೆ 97. ಮೀಸಲಾತಿ ವಿರೋಧಿಸುವವರು ಎಂದೂ ಪ್ರಶ್ನಿಸದ ಮೀಸಲಾತಿ ಇದು.

ನ್ಯಾಯಾಲಯ ಕೆಲವು ಹೆಜ್ಜೆ ಮುಂದಿಟ್ಟಿದೆ. 1993ರಿಂದೀಚೆಗೆ ಹೀಗೆ ಸತ್ತವರ ಕುಟುಂಬಗಳಿಗೆ 10 ಲಕ್ಷ ಪರಿಹಾರ ಕೊಡಬೇಕೆಂದು 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ಹೇಳಿತು. 2023ರ ಅಕ್ಟೋಬರ್ 20ರ ಬಲರಾಮ್ ಸಿಂಗ್ ಪ್ರಕರಣದ ತೀರ್ಪು ಅದನ್ನು 30 ಲಕ್ಷಕ್ಕೆ ಏರಿಸಿತು. ಸರ್ಕಾರವೂ 2023-24ರ ಬಜೆಟ್ಟಿನಲ್ಲಿ ಮ್ಯಾನ್‌ಹೋಲನ್ನು 'ಮೆಷಿನ್‌ಹೋಲ್' ಮಾಡುತ್ತೇವೆ ಎಂದಿತು, 'ನಮಸ್ತೆ' ಎಂಬ ಯೋಜನೆ ತಂದಿತು. ಹೆಸರು ಬದಲಾದದ್ದು ಒಳ್ಳೆಯದೇ. ಜಾಡಮಾಲಿ ಹೋಗಿ ಪೌರಕಾರ್ಮಿಕ ಬಂದದ್ದೂ ಒಂದು ಗೆಲುವೇ. ಆದರೆ ಹೆಸರಿನ ಹಿಂದೆ ಯಂತ್ರ ಬರಬೇಕು, ಯಂತ್ರದ ಒಡೆತನವೂ ಬರಬೇಕು. ಲಾರಿ ಮತ್ತು ಪಂಪು ಇನ್ಯಾರದ್ದೋ ಆಗಿದ್ದು, ಪೈಪು ಹಿಡಿಯುವವನು ಮಾತ್ರ ಹಳೇ ಜಾತಿಯವನೇ ಆದರೆ ಜಾತಿ ಡೀಸೆಲ್ಲಿನಲ್ಲಿ ಓಡಲು ಕಲಿತಿದೆ ಅಂತ ಅರ್ಥ. 2019ರಲ್ಲಿ ದೆಹಲಿ ಸರ್ಕಾರ ದಲಿತ ಉದ್ಯಮಿಗಳ ಸಂಘದ ಜೊತೆ ಸೇರಿ 200 ಚರಂಡಿ ಯಂತ್ರಗಳನ್ನು ಸಫಾಯಿ ಕೆಲಸದ ಕುಟುಂಬಗಳವರ ಒಡೆತನಕ್ಕೆ ಕೊಡಿಸುವ ಪ್ರಯತ್ನ ಮಾಡಿತು. ಅದರ ಸೋಲು ಗೆಲುವು ಬೇರೆ ವಿಷಯ. ಒಡೆತನದ ಪ್ರಶ್ನೆಯನ್ನು ನೀತಿಯೊಳಗೆ ತರಲು ಸಾಧ್ಯ ಎನ್ನುವುದಕ್ಕೆ ಅದು ಸಾಕ್ಷಿ.

6

ಯಂತ್ರಕ್ಕೆ, ಪುನರ್ವಸತಿಗೆ, ಮಕ್ಕಳ ಓದಿಗೆ ದುಡ್ಡು ಬೇಕು. ಅದು ಎಲ್ಲಿದೆ? ಕರ್ನಾಟಕದಲ್ಲಿ ಅದಕ್ಕೆ ಕಾಯ್ದೆಯೇ ಇದೆ. 2013ರ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆಯ ಪ್ರಕಾರ ಜನಸಂಖ್ಯೆಗೆ ತಕ್ಕ ಪಾಲನ್ನು ಇವರಿಗೇ ಮೀಸಲಿಡಬೇಕು. 2011ರ ಜನಗಣತಿಯಂತೆ ಅದು ನೂರಕ್ಕೆ 24.1: ಪರಿಶಿಷ್ಟ ಜಾತಿಗೆ 17.15, ಪಂಗಡಕ್ಕೆ 6.95. ದೇಶದಲ್ಲಿ ಆಂಧ್ರದ ನಂತರ ಇಂಥ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಇದು ಹೆಮ್ಮೆಯ ಮಾತೇ.

ಆದರೆ ಇಲ್ಲೂ ಒಂದು ಪದದ ಆಟವಿತ್ತು. ಕಾಯ್ದೆಯ 7(ಡಿ) ವಿಭಾಗ 'ಪರಿಗಣಿತ ವೆಚ್ಚ' ಎಂಬುದಕ್ಕೆ ಅವಕಾಶ ಕೊಟ್ಟಿತ್ತು. ರಸ್ತೆ, ಸೇತುವೆಗಳನ್ನು ದಲಿತರೂ ಬಳಸುತ್ತಾರಲ್ಲ, ಆದ್ದರಿಂದ ಅದರ ವೆಚ್ಚದ ಒಂದು ಪಾಲು ದಲಿತರಿಗೆ ಖರ್ಚಾಯಿತು ಎಂದು ಪರಿಗಣಿಸಿ ಅಂತ. ಹೋರಾಟಗಳ ಒತ್ತಾಯದಿಂದ 2023ರಲ್ಲಿ ಆ ವಿಭಾಗವನ್ನು ತೆಗೆದುಹಾಕಿದರು. ಅದೇ ವರ್ಷ ಗ್ಯಾರಂಟಿ ಯೋಜನೆಗಳಿಗೆ ಈ ನಿಧಿಯಿಂದ 11 ಸಾವಿರ ಕೋಟಿಗೂ ಹೆಚ್ಚು ಹಣ ತೋರಿಸಲಾಯಿತು. 2024-25ರಲ್ಲಿ ಅದು 14 ಸಾವಿರ ಕೋಟಿ ದಾಟಿತು.

ಸರ್ಕಾರದ ಸಮರ್ಥನೆಯನ್ನು ನ್ಯಾಯವಾಗಿ ಕೇಳಬೇಕು. ಆ ಹಣ ಪರಿಶಿಷ್ಟ ಕುಟುಂಬಗಳಿಗೇ ಹೋಗಿದೆ, ಬೇರೆಯವರಿಗಲ್ಲ ಎನ್ನುತ್ತದೆ ಸರ್ಕಾರ. ಗೃಹಲಕ್ಷ್ಮಿಯ 2,000 ರೂಪಾಯಿ ದಲಿತ ಹೆಣ್ಣುಮಗಳ ಕೈಯಲ್ಲಿ ಎಷ್ಟು ದೊಡ್ಡ ಮೊತ್ತ ಅಂತ ನಮಗೆ ಗೊತ್ತು. ಬಡತನ, ಹಸಿವು, ಲಿಂಗ ಸಮಾನತೆಯ ಗುರಿಗಳಿಗೆ ಇವೆಲ್ಲ ನೇರವಾಗಿ ಸಂಬಂಧಪಟ್ಟ ಯೋಜನೆಗಳೇ. ಪ್ರಶ್ನೆ ಇರುವುದು ಬೇರೆ ಕಡೆ. ಆ 2,000 ರೂಪಾಯಿ ಅವಳಿಗೆ ಬರುವುದು ರಾಜ್ಯದ ಎಲ್ಲ ಅರ್ಹ ಹೆಣ್ಣುಮಕ್ಕಳ ಹಾಗೆ ನಾಗರಿಕಳಾಗಿ. ಉಪಯೋಜನೆಯ ಹಣ ಇರುವುದು ಜಾತಿಯಿಂದ ಅವಳ ಕುಟುಂಬ ಕಳೆದುಕೊಂಡದ್ದನ್ನು ತುಂಬಿಕೊಡಲು. ಮೊದಲನೆಯದನ್ನು ಎರಡನೆಯದರಿಂದ ಕೊಟ್ಟರೆ ಅವಳ ಎಡಗೈಯ ದುಡ್ಡನ್ನು ಬಲಗೈಗೆ ಕೊಟ್ಟ ಹಾಗಾಯಿತು. ಉಳಿದವರಿಗೆ ಸರ್ಕಾರದ ಸಾಮಾನ್ಯ ಬೊಕ್ಕಸದಿಂದ, ಇವಳಿಗೆ ಇವಳದೇ ಗಂಟಿನಿಂದ. ಅಂಕಪಟ್ಟಿಯಲ್ಲಿ ಮಾತ್ರ ಒಂದೇ ರೂಪಾಯಿ ಎರಡು ಕಡೆ ಮಿನುಗುತ್ತದೆ.

7

ಹಾಗಾದರೆ ಈ ಗುರಿಗಳಿಂದ ನಮಗೇನು? ಚಳವಳಿಯ ಗೆಳೆಯರಲ್ಲಿ ಎರಡು ಅಭಿಪ್ರಾಯಗಳಿವೆ. ಇವೆಲ್ಲ ಸಾಮ್ರಾಜ್ಯಶಾಹಿಯ, ಎನ್‌ಜಿಓಗಳ ಭಾಷೆ. ಬೀದಿಯ ಹೋರಾಟವನ್ನು ಕಾರ್ಯಾಗಾರಕ್ಕೆ ತಿರುಗಿಸುವ ಹುನ್ನಾರ ಎನ್ನುವುದು ಒಂದು. ಸಿಕ್ಕ ಆಯುಧ ಬಿಡಬಾರದು ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಸತ್ಯವಿದೆ. ಈ ಗುರಿಗಳಿಗೆ ಕಾನೂನಿನ ಬಲವಿಲ್ಲ, ಮುಟ್ಟದಿದ್ದರೆ ಶಿಕ್ಷೆಯಿಲ್ಲ. 2024ರ ವಿಶ್ವಸಂಸ್ಥೆಯ ವರದಿಯೇ ಹೇಳುವಂತೆ ಜಗತ್ತಿನಲ್ಲಿ ಸರಿದಾರಿಯಲ್ಲಿದ್ದ ಉಪಗುರಿಗಳು ನೂರಕ್ಕೆ 17 ಮಾತ್ರ. ಆದರೂ ನಾನು ಎರಡನೆಯ ಅಭಿಪ್ರಾಯದ ಕಡೆಗೆ ವಾಲುತ್ತೇನೆ. ಕಾರಣವಿದೆ. ಪ್ರಭುತ್ವ ತಾನೇ ಆರಿಸಿಕೊಂಡ ಮಾಪನದಿಂದ ಅದನ್ನು ಅಳೆದಾಗ, ಇದು ನಮ್ಮ ಮಾತಲ್ಲ ಎಂದು ನುಣುಚಿಕೊಳ್ಳುವುದು ಅದಕ್ಕೆ ಕಷ್ಟವಾಗುತ್ತದೆ.

ಹಿಡಿದುಕೊಳ್ಳಲು ಒಂದು ಗಟ್ಟಿ ಕೊಕ್ಕೆ ಆ ದಾಖಲೆಯಲ್ಲೇ ಇದೆ. ಉಪಗುರಿ 17.18 ಓದಿ. ಅಂಕಿಅಂಶಗಳನ್ನು ಆದಾಯ, ಲಿಂಗ, ವಯಸ್ಸು, ಜನಾಂಗ ಇತ್ಯಾದಿಗಳ ಜೊತೆಗೆ ಆಯಾ ದೇಶದ ಸಂದರ್ಭಕ್ಕೆ ಸಂಬಂಧಪಟ್ಟ ಇತರ ಲಕ್ಷಣಗಳ ಪ್ರಕಾರವೂ ಬಿಡಿಸಿ ಕೊಡಬೇಕು ಎನ್ನುತ್ತದೆ. ಭಾರತದ ಸಂದರ್ಭಕ್ಕೆ ಸಂಬಂಧಪಟ್ಟ ಲಕ್ಷಣ ಯಾವುದು ಅಂತ ಪ್ರಾಥಮಿಕ ಶಾಲೆಯ ಹುಡುಗನೂ ಹೇಳಬಲ್ಲ. ಅಲ್ಲಿ ಹೆಸರಿಸದೆ ಬಿಟ್ಟ ಜಾತಿಯನ್ನು ಆ ಖಾಲಿ ಜಾಗದಲ್ಲಿ ತುಂಬಿಸುವ ಹಕ್ಕು ನಮಗಿದೆ. ಮುಂದಿನ ಜನಗಣತಿಯಲ್ಲಿ ಜಾತಿ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ಹೇಳಿದೆ. ಎಣಿಸಿದ ಮೇಲೆ ಒಂದೊಂದು ಗುರಿಯ ಅಂಕವನ್ನೂ ಜಾತಿವಾರು ಬಿಡಿಸಿ ಕೊಡಿ ಎಂದು ಕೇಳುವುದು ನಮ್ಮ ಮುಂದಿನ ಕೆಲಸ. ಎಲ್ಲ ಮನೆಗಳಿಗೂ ಶೌಚಾಲಯ ಎಂಬ ಒಟ್ಟು ಸಂಖ್ಯೆ ನಮಗೆ ಸಾಲದು. ಕೇರಿಯ ಎಷ್ಟು ಮನೆಗೆ ನೀರಿನ ಸಂಪರ್ಕವಿರುವ ಶೌಚಾಲಯವಿದೆ, ಊರಿನ ಎಷ್ಟು ಗುಂಡಿಗಳನ್ನು ಕೇರಿಯವರು ಬರಿದು ಮಾಡುತ್ತಿದ್ದಾರೆ ಎಂಬ ಎರಡು ಸಂಖ್ಯೆಗಳು ಬೇಕು.

ಅದಕ್ಕೆ 2030ರವರೆಗೆ ಕಾಯಬೇಕಾಗಿಯೂ ಇಲ್ಲ. 2013ರ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಾಗೃತಿ ಸಮಿತಿ ಇರಬೇಕು. ನಿಮ್ಮ ಜಿಲ್ಲೆಯಲ್ಲಿ ಅದು ಕಡೆಯ ಬಾರಿ ಸಭೆ ಸೇರಿದ್ದು ಯಾವಾಗ, ನಡವಳಿಯಲ್ಲಿ ಏನಿದೆ ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಬಹುದು. ಜಿಲ್ಲೆಯಲ್ಲಿ ಹೂಳೆತ್ತುವ ಯಂತ್ರಗಳೆಷ್ಟು, ಅವುಗಳ ಒಡೆಯರು ಯಾರು ಎಂದು ಇನ್ನೊಂದು. ಉಪಯೋಜನೆಯ ಹಣದಲ್ಲಿ ಯಂತ್ರ ಖರೀದಿಗೆ, ಈ ಕೆಲಸ ಬಿಟ್ಟವರ ಮಕ್ಕಳ ಓದಿಗೆ ಎಷ್ಟು ಹೋಯಿತು ಎಂದು ಮತ್ತೊಂದು. ವಿದ್ಯಾರ್ಥಿ ಗೆಳೆಯರು ಪ್ರಬಂಧಕ್ಕೆ ವಿಷಯ ಹುಡುಕುತ್ತಾ ಬರುತ್ತಾರಲ್ಲ, ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ಗ್ರಾಮಸಭೆಯೂ ಇದೆ. ಪಂಚಾಯಿತಿಯ ಅಭಿವೃದ್ಧಿ ಯೋಜನೆಯನ್ನು ಅಲ್ಲಿ ಓದಿ ಒಪ್ಪಿಗೆ ಪಡೆಯಬೇಕು. 'ಸ್ವಚ್ಛ ಮತ್ತು ಹಸಿರು ಗ್ರಾಮ' ಎಂಬ ಭಾಗ ಬಂದಾಗ ಎದ್ದು ನಿಂತು, ತ್ಯಾಜ್ಯ ವಿಲೇವಾರಿ ಮಾಡಲಾಗುವುದು ಎಂಬ ವಾಕ್ಯವನ್ನು ತಿದ್ದಿಸಿ. ಗುಂಡಿ ತುಂಬಿದಾಗ ಅದನ್ನು ಯಾರು ಬರಿದು ಮಾಡುತ್ತಾರೆ, ಯಾವ ಯಂತ್ರದಿಂದ ಮಾಡುತ್ತಾರೆ, ಆ ಯಂತ್ರ ಯಾರದು, ಕೂಲಿ ಎಷ್ಟು ಎಂದು ಬರೆಸಿ. ಪಂಚಾಯಿತಿ ಕಾರ್ಯದರ್ಶಿ ಇಂಥದಕ್ಕೆಲ್ಲ ಕಾಲಂ ಇಲ್ಲ ಎನ್ನಬಹುದು. ಕಾಲಂ ಇಲ್ಲದಿದ್ದರೆ ನಡವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡು ಒಂದು ನಕಲು ತನ್ನಿ.